ಬಾಡಿಗೆದಾರಳ ಗುಣಗಾನ

ನಮ್ಮ ಮಹಡಿ ಮನೆಯಲ್ಲಿ ಆರು ವರ್ಷ ಬಾಡಿಗೆಗಿದ್ದ ಯಶಶ್ರೀ, ಗಂಡ ನಿಶಾಂತನನ್ನು ಕರೆದುಕೊಂಡು ಆಸ್ಟ್ರೇಲಿಯಾದ ಅಡಿಲೇಡ್‌ಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಅವಳು ನರ್ಸ್. ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ನಿಶಾಂತನಿಗೆ ಕೆಲಸ ಮಾಡುವ ಹೆಂಡತಿ ಸಿಕ್ಕಿದ್ದಳು, ಅವನಿಗೆ ಅಷ್ಟು ಸಾಕು. ವೀಸಾ ಸಿಕ್ಕಿತು, ಸಂಬಳ ಸಿಕ್ಕಿತು, ಮನೆ ಮಾತ್ರ ಸಿಗಲಿಲ್ಲ. ಆಸ್ಟ್ರೇಲಿಯಾ ಎಂದರೆ ಒಂದು ಖಂಡದಷ್ಟು ದೊಡ್ಡ ದೇಶ, ಮುಕ್ಕಾಲು ಪಾಲು ಖಾಲಿ ಎಂದು ನಾನು ಸ್ಕೂಲಿನಲ್ಲಿ ಓದಿದ್ದೆ. ಅಷ್ಟೆಲ್ಲ ಖಾಲಿ ಜಾಗದಲ್ಲಿ ಇವರಿಬ್ಬರಿಗೆ ಎರಡು ಕೋಣೆ ಇರಲಿಲ್ಲ.

ಸದ್ಯಕ್ಕೆ ಅವರು ನಿಶಾಂತನ ಸ್ನೇಹಿತ ಆತ್ರೇಯನ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಆತ್ರೇಯನದು ದೊಡ್ಡ ಮನಸ್ಸು. ಒಗ್ಗರಣೆ ಹಾಕಬಾರದು, ಬಿಸಿನೀರು ಜಾಸ್ತಿ ಸುರಿಯಬಾರದು, ಹಗಲು ಹೊತ್ತಿನಲ್ಲಿ ದೀಪ ಹಾಕಬಾರದು, ಇಷ್ಟು ಬಿಟ್ಟರೆ ತಮ್ಮ ಮನೆಯೆಂದೇ ತಿಳಿದುಕೊಳ್ಳಬೇಕು ಎಂದಿದ್ದನಂತೆ. ಈಗ ಅವನ ಅತ್ತೆ ಮಾವ ಬರುವವರಿದ್ದರು. ತಿಂಗಳ ಕೊನೆಯೊಳಗೆ ಕೋಣೆ ಬಿಡಬೇಕಿತ್ತು.

ಯಾವ ಏರಿಯಾದಲ್ಲಿ ಮನೆ ಹಿಡಿಯಬೇಕು ಎಂಬ ಚರ್ಚೆ ಬಸವನಗುಡಿಯ ನಮ್ಮ ಮನೆಯ ಹಾಲ್‌ನಲ್ಲಿ ವಿಡಿಯೊ ಕಾಲ್ ಮೂಲಕ ನಡೆಯುತ್ತಿತ್ತು. ಅದರ ಅಧ್ಯಕ್ಷರು ನನ್ನ ಯಜಮಾನರು ಅಶ್ವತ್ಥಪ್ಪ. ಕಲಾಸಿಪಾಳ್ಯದ ತರಕಾರಿ ಮಂಡಿಯಲ್ಲಿ ಮೂವತ್ತು ವರ್ಷ ಬೀನ್ಸು, ಟೊಮೇಟೊ ಹರಾಜು ಕೂಗಿದವರು. ಅಡಿಲೇಡ್ ಭೂಪಟದಲ್ಲಿ ಯಾವ ಕಡೆ ಇದೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಆದರೆ ಅಲ್ಲಿ ಎಲ್ಲಿ ಮನೆ ಮಾಡಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು.

“ಅಲ್ಲಿ ಮಲ್ಲೇಶ್ವರ ಯಾವ್ದಮ್ಮಾ?” ಎಂದು ಮೊಬೈಲಿಗೆ ಕೂಗುತ್ತಿದ್ದರು.

“ಅಂಕಲ್, ಇಲ್ಲಿ ಮಲ್ಲೇಶ್ವರ ಇಲ್ಲ.”

“ಮಲ್ಲೇಶ್ವರ ಇಲ್ದೆ ಇರೋ ಊರಿರುತ್ತೇನಮ್ಮಾ? ಸರಿಯಾಗಿ ಹುಡುಕು. ಆದ್ರೆ ಪಕ್ಕದಲ್ಲೇ ಶ್ರೀರಾಂಪುರ ಇರುತ್ತೆ, ಹುಷಾರು. ಮೋಸ ಮಾಡಿ ಅಲ್ಲಿ ತೋರಿಸ್ಬಿಡ್ತಾರೆ.”

ಆತ್ರೇಯನ ಸಲಹೆ ಬೇರೆ. ಊರಾಚೆಯ ಹೊಸ ಬಡಾವಣೆಯಲ್ಲಿ ನಮ್ಮವರೇ ಇದ್ದಾರೆ, ಶನಿವಾರ ಕನ್ನಡ ಸಂಘ, ಭಾನುವಾರ ಬಿಸಿಬೇಳೆಬಾತ್, ಅಲ್ಲೇ ಸೇರಿಕೊಳ್ಳಿ ಎಂದು. ಬೆಂಗಳೂರು ಬಿಟ್ಟು ಸಮುದ್ರ ದಾಟಿ ಹೋಗಿ, ಕೊನೆಗೆ ರಾಜಾಜಿನಗರದವರ ಕಾಂಪೌಂಡಿಗೆ ಕಾಂಪೌಂಡು ಸೇರಿಸಿ ಕೂರಬೇಕು. ಯಶಶ್ರೀಗೆ ಅದು ಬೇಕಿರಲಿಲ್ಲ. ಅವಳ ಕೆಲಸ ನಸುಕಿಗೇ ಶುರುವಾಗುತ್ತಿತ್ತು. ವೃದ್ಧಾಶ್ರಮದ ಹತ್ತಿರವೇ, ರೈಲು ನಿಲ್ದಾಣದ ಪಕ್ಕ, ಇಟ್ಟಿಗೆಯ ಸಣ್ಣ ಹಳೆಯ ಮನೆಯೊಂದನ್ನು ಅವಳು ನೋಡಿಕೊಂಡು ಬಂದಿದ್ದಳು. ಹಿತ್ತಿಲಲ್ಲಿ ಒಂದು ನಿಂಬೆಗಿಡ ಇತ್ತಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಆರು ವರ್ಷ ನಮ್ಮ ಮಹಡಿಯಲ್ಲಿದ್ದಾಗ ಒಂದು ದಿನವೂ ಆ ಮನೆಯ ಬಗ್ಗೆ ಹಾಗೆ ಮುಖ ಅರಳಿಸಿದವಳಲ್ಲ.

ಕಷ್ಟವೆಂದರೆ ಅಲ್ಲಿ ಮೊದಲು ಬಾಡಿಗೆಗಿದ್ದ ಮನೆಯ ಓನರ್ ಫೋನಿನಲ್ಲಿ ಒಳ್ಳೆಯ ಮಾತು ಹೇಳಿದರೆ ಮಾತ್ರ ಮನೆ. ಇಲ್ಲಿ ನಾವು ಬಾಡಿಗೆಗೆ ಬಂದವರ ಊರು, ಊಟ, ಅಜ್ಜನ ಹೆಸರು ಎಲ್ಲ ವಿಚಾರಿಸುತ್ತೇವೆ, ಹಿಂದಿನ ಓನರನ್ನು ವಿಚಾರಿಸುವಷ್ಟು ದಡ್ಡರಲ್ಲ. ಪೀಡೆ ತೊಲಗಲಿ ಎಂದು ಅವನು ಹೊಗಳದೆ ಇನ್ನೇನು ಮಾಡುತ್ತಾನೆ? ಆದರೆ ಆ ದೇಶದವರಿಗೆ ಅಷ್ಟು ಹೊಳೆದಿಲ್ಲ. ಹೋದ ಕಡೆಯಲ್ಲೆಲ್ಲ ಯಶಶ್ರೀಗೆ ಇಲ್ಲ ಎಂದಿದ್ದರು. ಈ ಮನೆಯ ಏಜೆಂಟ್ ಹೆಲೆನ್ ಎಂಬಾಕೆ ಮಾತ್ರ ಬೆಂಗಳೂರಿಗೇ ಫೋನ್ ಮಾಡಿ ವಿಚಾರಿಸಲು ಒಪ್ಪಿದ್ದಳು.

“ಇದೇ ಲಾಸ್ಟು ಆಂಟಿ,” ಎಂದಳು ಯಶಶ್ರೀ, ಅಂಕಲ್ ಆಚೆ ಹೋದ ಮೇಲೆ. “ಇದೂ ಹೋದ್ರೆ ಟಿಕೆಟ್ ತಗೊಂಡು ಬಂದ್ಬಿಡ್ತೀವಿ. ಮೇಲಿನ ಮನೆ ಯಾರ್ಗೂ ಕೊಟ್ಟಿಲ್ಲ ತಾನೆ?”

ಕೊಟ್ಟಿರಲಿಲ್ಲ. ಅವಳು ಹೋದ ಮೇಲೆ ಮನೆ ಕೇಳಿಕೊಂಡು ಬಂದವರಲ್ಲಿ ಒಬ್ಬರ ಧ್ವನಿ ಸರಿಯಿರಲಿಲ್ಲ, ಒಬ್ಬರ ಚಪ್ಪಲಿ ಸರಿಯಿರಲಿಲ್ಲ. ನಿಜ ಹೇಳುತ್ತೇನೆ, ಅವಳ ಮಾತು ಕೇಳಿ ನನಗೆ ಖುಷಿಯಾಯಿತು. ನನ್ನ ಮಗ ನಂದೀಶ್ ಮತ್ತು ಸೊಸೆ ಹಿಂದಿನ ಬೀದಿಯಲ್ಲೇ ಇದ್ದಾರೆ, ದಿನಾ ಬರುತ್ತಾರೆ, ನಾನು ಏನೆಂದರೂ ಹೂಂ ಎನ್ನುತ್ತಾರೆ. ಎದುರು ನಿಂತು ಜಗಳವಾಡುತ್ತಿದ್ದವಳು ಯಶಶ್ರೀ ಒಬ್ಬಳೇ. ನೀರಿನ ಮೋಟಾರಿಗೆ, ಒಗೆದ ಬಟ್ಟೆಗೆ, ಗೇಟಿನ ಚಿಲಕಕ್ಕೆ ನಾವು ಮಾಡದ ಜಗಳವಿಲ್ಲ. ಬೆಳಗ್ಗೆ ಜಗಳವಾಡಿ ಸಂಜೆ ಡಬ್ಬಿಯಲ್ಲಿ ಉಪ್ಪಿಟ್ಟು ತಂದು ಕೊಡುತ್ತಿದ್ದಳು, ಅದರಲ್ಲಿ ಉಪ್ಪು ಕಮ್ಮಿ ಎಂದು ಮತ್ತೆ ಶುರುವಾಗುತ್ತಿತ್ತು. ಅವಳು ಹೋದ ಮೇಲೆ ಮನೆಯಲ್ಲಿ ಶಾಂತಿ ನೆಲೆಸಿತ್ತು. ನನಗೆ ತಡೆಯಲಾಗುತ್ತಿರಲಿಲ್ಲ.

ಹೆಲೆನ್ ಫೋನ್ ಮಾಡುವ ದಿನ ಯಜಮಾನರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತರು. ಫೋನಿನಲ್ಲಿ ಅಂಗಿ ಕಾಣುವುದಿಲ್ಲ ಎಂದೆ. ಗತ್ತು ಕೇಳಿಸುತ್ತದೆ ಎಂದರು. ಇಂಗ್ಲಿಷಿಗಾಗಿ ಎದುರು ಮನೆಯ ನಾಗಭೂಷಣ್ ಅವರನ್ನು ಕರೆಸಲಾಗಿತ್ತು. ಅವರು ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು, ಇಂಗ್ಲಿಷ್ ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಾನು ಚಾಮರಾಜಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹತ್ತನೇ ಕ್ಲಾಸಿನವರೆಗೂ ಇಂಗ್ಲಿಷಿನಲ್ಲೇ ಓದಿದವಳು. ಅದು ಯಾರಿಗೂ ನೆನಪಾಗಲಿಲ್ಲ. ನನಗೆ ಕಾಫಿ ಮಾಡುವ ಜವಾಬ್ದಾರಿ ಕೊಟ್ಟರು.

ಇಲ್ಲೊಂದು ವಿಷಯ ಹೇಳಬೇಕು. ಗುರುತಿಲ್ಲದವರು ಫೋನ್ ಮಾಡಿ ‘ಆ ಹುಡುಗಿ ಹೇಗೆ?’ ಎಂದು ಕೇಳಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ಗಂಡಿನ ಕಡೆಯವರು ವಿಚಾರಿಸುತ್ತಿದ್ದಾರೆ. ಆಗ ಏನು ಹೇಳಬೇಕೆಂಬುದು ಗೊತ್ತಿರುವುದೇ. ನಗುಮುಖ, ದೈವಭಕ್ತಿ, ಎಷ್ಟು ಜನ ಬಂದರೂ ಬೇಸರವಿಲ್ಲದೆ ಬಡಿಸುವ ಕೈ. ಯಜಮಾನರು ಹೀಗೆ ಹೊಗಳಿ ಹೊಗಳಿ ಕಲಾಸಿಪಾಳ್ಯದ ಅರ್ಧ ಹುಡುಗಿಯರನ್ನು ದಡ ಸೇರಿಸಿದ್ದಾರೆ. ಇವತ್ತು ಇನ್ನೊಬ್ಬಳನ್ನು ಸೇರಿಸಲು ಗಂಟಲು ಸರಿಮಾಡಿಕೊಂಡರು.

ಫೋನ್ ಬಂತು. ಸ್ಪೀಕರ್ ಹಾಕಿದರು. ಬಾಡಿಗೆ ಸರಿಯಾದ ಸಮಯಕ್ಕೆ ಕೊಡುತ್ತಿದ್ದಳೇ ಎಂದು ಹೆಲೆನ್ ಕೇಳಿದಳು.

“ಬಾಡಿಗೆನಾ? ಛೆ! ಮಗಳಿದ್ದಂಗೆ ಇದ್ಲು. ಮಗಳ ಹತ್ರ ಬಾಡಿಗೆ ಲೆಕ್ಕ ಇಡ್ತಾರಾ? ಹೇಳಿ ನಾಗಭೂಷಣ್,” ಎಂದರು ಯಜಮಾನರು.

ನಾಗಭೂಷಣ್ ಕಣ್ಣು ಮುಚ್ಚಿ, ಬಾಡಿಗೆಯ ಲೆಕ್ಕ ಇಟ್ಟಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಮನೆಯಲ್ಲಿ ಎಷ್ಟು ಜನ ಇದ್ದರು?

“ಹೆಸರಿಗೆ ಇಬ್ರು. ಆದ್ರೆ ಮನೆ ಯಾವಾಗ್ಲೂ ತುಂಬಿ ತುಳುಕ್ತಿತ್ತು! ಇವಳ ಕಡೆಯೋರು, ಅವನ ಕಡೆಯೋರು, ಹದಿನೈದು ಇಪ್ಪತ್ತು ಜನ. ಟೆರೇಸ್ ಮೇಲೂ ಮಲಗೋರು. ಹುಡುಗಿ ಒಂದ್ಸಲಾನೂ ಮುಖ ಸಿಂಡರಿಸ್ಲಿಲ್ಲ.”

ಆ ಕಡೆಯಿಂದ ಕೆಮ್ಮು ಕೇಳಿಸಿತು. ಅಡುಗೆಮನೆಯಲ್ಲಿ ನನ್ನ ಹಾಲು ಉಕ್ಕಿತು. ಇಪ್ಪತ್ತು ಜನ ಬಂದದ್ದು ಒಂದೇ ಸಲ, ಅದೂ ಅವಳ ತಂಗಿಯ ನಿಶ್ಚಿತಾರ್ಥಕ್ಕೆ.

ಗೋಡೆಗಳಿಗೆ ಏನಾದರೂ ಹಾನಿ?

“ಹಾನಿ ಎಲ್ಲಿಂದ? ಗೋಡೆ ತುಂಬ ದೇವ್ರ ಫೋಟೊ. ಮೊಳೆ ಎಲ್ಲ ತಾನೇ ಹೊಡ್ಕೊಳ್ಳೋಳು, ಗಂಡಸರಿಗಿಂತ ಗಟ್ಟಿ. ಸಾಯಂಕಾಲ ಆದ್ರೆ ದೀಪ, ಧೂಪ. ಹೊಗೆ ಕೆಳಗಡೆ ನಮ್ಮನೆವರ್ಗೂ ಘಮ್ಮಂತ ಬರೋದು!”

ಸಾಕುಪ್ರಾಣಿಗಳು?

“ಬಹಳ ಕರುಣೆ. ಬೀದೀಲಿರೋ ಅಷ್ಟೂ ನಾಯಿ ಮನೆ ಮುಂದೆನೇ ಇರೋವು.”

ಇದನ್ನೆಲ್ಲ ನಾಗಭೂಷಣ್ ಒಂದಕ್ಷರ ಬಿಡದೆ ತಲುಪಿಸಿದರು. ಹೆಲೆನ್ ಕೊನೆಯ ಪ್ರಶ್ನೆ ಕೇಳಿದಳು, ಅವಳಿಗೆ ನೀವು ಮತ್ತೆ ಮನೆ ಬಾಡಿಗೆಗೆ ಕೊಡುತ್ತೀರಾ?

ಯಜಮಾನರ ಹರಾಜು ಕೂಗುವ ಆ ಧ್ವನಿ ಇದ್ದಕ್ಕಿದ್ದಂತೆ ಇಳಿಯಿತು.

“ಕೊಡಲ್ಲಮ್ಮ,” ಎಂದರು. “ಯಾಕ್ ಕೊಡ್ಲಿ? ಮನೆ ಸಿಗ್ಲಿಲ್ಲ ಅಂತ ವಾಪಸ್ ಬಂದ್ಲು ಅನ್ನೋ ಹಂಗೆ ಆಗ್ಬಾರ್ದು. ಕಷ್ಟಪಟ್ಟು ಹೋಗಿದಾಳೆ, ಅಲ್ಲೇ ನೆಲೆ ನಿಲ್ಲಲಿ. ನಮ್ಮನೆಗೆ ಬರೋದಾದ್ರೆ ನೆಂಟಳಾಗಿ ಬರ್ಲಿ.” ಹೇಳಿ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡರು.

ಬ್ಯಾಂಕಿನಲ್ಲಿ ಜನರ ಸಾಲದ ಅರ್ಜಿಗಳನ್ನು ತಿರಸ್ಕರಿಸಿಯೇ ಮೇಲೆ ಬಂದ ನಾಗಭೂಷಣ್ ಇಷ್ಟನ್ನೂ ಸಂಕ್ಷೇಪಿಸಿದರು.

“ನೋ ಮೇಡಂ. ನೆವರ್.”

ಹೆಲೆನ್ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು. ಗಂಡಸರಿಬ್ಬರೂ ಕೈ ಕುಲುಕಿದರು. “ಜಮಾಯಿಸ್ಬಿಟ್ವಿ ಬಿಡಿ ಸಾರ್,” ಎಂದರು ನಾಗಭೂಷಣ್. ಮೊಬೈಲನ್ನು ಚಾರ್ಜಿಗೆ ಹಾಕಿ, ಗೆಲುವಿನ ಖುಷಿಗೆ ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ ತಿನ್ನಲು ಹೊರಟರು. ನನ್ನ ಕಾಫಿ ಹಾಗೇ ಆರುತ್ತಿತ್ತು.

ನಾನು ಆ ಮೊಬೈಲಿನ ಎದುರು ಕೂತೆ. ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕೂತಿದ್ದರೆ ಸಾಕಿತ್ತು. ಕೆಟ್ಟದ್ದನ್ನೆಲ್ಲ ಒಳ್ಳೆಯ ಮನಸ್ಸಿನವರೇ ಮಾಡಿ ಮುಗಿಸಿದ್ದರು, ನನ್ನ ಕೈ ಶುದ್ಧವಾಗಿತ್ತು. ತಿಂಗಳು ಕಳೆಯುವಷ್ಟರಲ್ಲಿ ಯಶಶ್ರೀ ಸೂಟ್‌ಕೇಸು ಎಳೆದುಕೊಂಡು ನಮ್ಮ ಮೆಟ್ಟಿಲು ಹತ್ತುತ್ತಾಳೆ, ಮರುದಿನ ಬೆಳಗ್ಗೆ ನೀರಿನ ಮೋಟಾರಿಗೆ ಜಗಳ ತೆಗೆಯುತ್ತಾಳೆ. ಅದನ್ನು ನೆನೆದರೆ ಬಾಯಲ್ಲಿ ನೀರೂರುತ್ತಿತ್ತು. ಆಮೇಲೆ ಇನ್ನೊಂದೂ ಕಣ್ಣಿಗೆ ಬಂತು. ಅವಳು ಹತ್ತುತ್ತಾಳೆ, ಆದರೆ ಜಗಳ ತೆಗೆಯುವುದಿಲ್ಲ. ನಾನು ಏನೆಂದರೂ ಹೂಂ ಎನ್ನುತ್ತಾಳೆ. ಸೋತು ಬಂದವರು ಹೂಂ ಎನ್ನುತ್ತಾರೆ. ಅಂಥವಳು ನನಗೆ ಬೇಕಿರಲಿಲ್ಲ.

ಆ ನಂಬರಿಗೆ ವಾಪಸ್ ಫೋನ್ ಮಾಡಿದೆ.

“ಆ ಮನೆಯ ಓನರ್ ನಾನು,” ಎಂದು ಇಂಗ್ಲಿಷಿನಲ್ಲೇ ಹೆಲೆನ್‌ಗೆ ಹೇಳಿದೆ. “ಸೈಟು ನಮ್ಮಪ್ಪ ಕೊಟ್ಟಿದ್ದು, ಕಂದಾಯ ನನ್ನ ಹೆಸರಿನಲ್ಲಿ ಕಟ್ಟುತ್ತೇವೆ. ಈಗ ಮಾತಾಡಿದವರು ನನ್ನ ಗಂಡ. ಅವರಿಗೆ ಆ ಮನೆಯ ಬಗ್ಗೆ ಏನೂ ಗೊತ್ತಿಲ್ಲ.”

ಹೆಲೆನ್‌ಗೂ ಗಂಡ ಇರಬೇಕು. ಅರ್ಥವಾಗುತ್ತದೆ ಎಂದಳು.

ಅವಳು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದಳು. ನಾನು ಹೊಗಳುವ ಗೋಜಿಗೆ ಹೋಗಲಿಲ್ಲ, ಅದು ನನಗೆ ಬರುವುದೂ ಇಲ್ಲ. ನಾಲ್ಕು ತಿಂಗಳಿಂದ ಕಟ್ಟಿಕೊಂಡಿದ್ದ ನಾಲಿಗೆ ಬಿಚ್ಚಿ ದೂರುಗಳನ್ನೇ ಹೇಳಿದೆ. ಬಾಡಿಗೆ ತಡವಾದರೆ ಮೆಟ್ಟಿಲು ಹತ್ತಿ ಬಯ್ಯೋಣವೆಂದು ಆರು ವರ್ಷ ಕಾದೆ, ಒಂದು ತಿಂಗಳೂ ಆ ಅವಕಾಶ ಕೊಡಲಿಲ್ಲ. ನೆಂಟರು ಇಪ್ಪತ್ತು ಜನ ಬಂದದ್ದು ಒಂದೇ ಸಲ, ಎರಡೇ ದಿನಕ್ಕೆ ಹೊರಟರು. ಮೊಳೆ ಹೊಡೆಯುವ ಮೊದಲು ಕೇಳುತ್ತಿದ್ದಳು, ನಾನು ಬೇಡ ಎಂದರೆ ವಾರಗಟ್ಟಲೆ ವಾದ ಮಾಡುತ್ತಿದ್ದಳು, ಹೋಗುವಾಗ ಇದ್ದ ತೂತನ್ನೆಲ್ಲ ತಾನೇ ಮುಚ್ಚಿಸಿ ಸುಣ್ಣ ಹೊಡೆಸಿದಳು, ಬಣ್ಣ ಮಾತ್ರ ನನಗೆ ಹಿಡಿಸಲಿಲ್ಲ. ಬೀದಿ ನಾಯಿಗಳಿಗೆ ಅನ್ನ ಹಾಕಿದವರು ನನ್ನ ಗಂಡ. ಇನ್ನು ನಲ್ಲಿ ತೊಟ್ಟಿಕ್ಕಿದರೆ ಅದೇ ದಿನ ಹೇಳುತ್ತಾಳೆ, ಗೋಡೆ ತೇವ ಹಿಡಿದರೆ ಫೋಟೊ ತೆಗೆದು ಕಳಿಸುತ್ತಾಳೆ, ಓನರಿಗೆ ನೆಮ್ಮದಿ ಎಂಬುದೇ ಇರುವುದಿಲ್ಲ.

“ಅದ್ಭುತ,” ಎಂದಳು ಹೆಲೆನ್. ಆ ಊರಿನವರ ಅಭಿರುಚಿಯೇ ಬೇರೆ.

ಆಮೇಲೆ ಅದೇ ಕೊನೆಯ ಪ್ರಶ್ನೆ. ಅವಳಿಗೆ ಮತ್ತೆ ಮನೆ ಕೊಡುತ್ತೀರಾ?

ನನ್ನ ಯಜಮಾನರು ಇಲ್ಲ ಎಂದದ್ದು ಅವಳು ಅಲ್ಲೇ ಉಳಿಯಲಿ ಎಂದು. ನಾನು ಹೌದು ಎಂದರೆ ಅವಳು ಅಲ್ಲೇ ಉಳಿಯುತ್ತಾಳೆ. ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೇ ಹೇಳಿ ಅವಳನ್ನೇ ಕಳೆದುಕೊಳ್ಳುವ ಇಂಥ ವ್ಯವಹಾರವನ್ನು ಆ ದೇಶದವರು ಎಲ್ಲಿ ಕಲಿತರೋ.

“ಕೊಡ್ತೀನಿ,” ಎಂದೆ. ಇಂಗ್ಲಿಷು ಎಲ್ಲಿ ಹೋಯಿತೋ, ಬಾಯಿಗೆ ಕನ್ನಡವೇ ಬಂತು. ಸಾವರಿಸಿಕೊಂಡು ಮತ್ತೆ ಇಂಗ್ಲಿಷಿನಲ್ಲಿ ಹೇಳಿದೆ, ಇವತ್ತು ಬಂದು ಬಾಗಿಲಲ್ಲಿ ನಿಂತರೆ ಇವತ್ತೇ ಕೊಡುತ್ತೇನೆ.

ಯಜಮಾನರು ದೋಸೆ ತಿಂದು, ತರಕಾರಿಯ ಬೆಲೆಗೆ ಗಾಂಧಿ ಬಜಾರನ್ನು ಬಯ್ದು, ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದರು. ಅಷ್ಟರಲ್ಲಿ ಯಶಶ್ರೀಯ ಫೋನ್ ಬಂದು ಹೋಗಿತ್ತು. ಮನೆ ಸಿಕ್ಕಿತು ಎಂದು ಕೂಗಿದ್ದಳು, ಅತ್ತಿದ್ದಳು, ಬಾಗಿಲಿಗೆ ಯಾವ ಬಣ್ಣ ಹೊಡೆಸಲಿ ಎಂದು ಕೇಳಿದ್ದಳು. ನಾನು ಹೇಳಿದ ಬಣ್ಣ ಚೆನ್ನಾಗಿಲ್ಲ ಎಂದೂ ಹೇಳಿದ್ದಳು. ಯಜಮಾನರಿಗೆ ಸುದ್ದಿ ತಿಳಿಸಿದೆ. ಅವರು ಬಿಳಿ ಅಂಗಿಯ ಕಾಲರ್ ಸರಿಮಾಡಿಕೊಂಡರು.

“ನೋಡಿದ್ಯಾ? ಬಾಯ್ತುಂಬ ಒಂದ್ ಒಳ್ಳೆ ಮಾತಾಡಿದ್ರೆ ಹೆಂಗೆ ಕೆಲ್ಸ ಆಗುತ್ತೆ! ನಿನ್ ಕೈಗೆ ಫೋನ್ ಕೊಟ್ಟಿದ್ರೆ ಎಲ್ಲ ಕೆಡಿಸ್ಬಿಡ್ತಿದ್ದೆ.”

“ಹೂಂ,” ಎಂದೆ.

ಆಗ ನನ್ನ ಮುಖ ನೋಡಿದರು.

“ಯಾಕೇ ಅಳ್ತಿದೀಯ? ಹುಡುಗಿಗೆ ಮನೆ ಸಿಕ್ತಲ್ಲ?”

“ಸಿಕ್ತಲ್ಲ,” ಎಂದೆ. “ಅದಕ್ಕೇ.”