ಹಿಡಿಯಬಾರದ ರೇಲಿಂಗು

ಗುದ್ರುನ್ ಫ್ರಿಜ್ಜಿನೊಳಗೆ ಅರ್ಧ ಮೈ ತೂರಿಸಿಕೊಂಡು ಸಾಮಾನೆಲ್ಲ ಹೊರಗೆ ತೆಗೆಯುತ್ತಿದ್ದಳು. ಅವಳ ತಮ್ಮ ಆರ್ವಿಡ್‌ನ ಮಣ್ಣಿಗೆ ಬರುವವರು ಬೆಳಗಿನಿಂದಲೇ ಒಂದೊಂದು ಪಾತ್ರೆ ತಂದಿಟ್ಟು ಹೋಗುತ್ತಿದ್ದರು. ಬ್ಯಾಲರ್ಡ್ ಬಡಾವಣೆಯಲ್ಲಿ ನೆಲೆಸಿದ ನಾರ್ವೆ ಮೂಲದವರಿಗೆ ಸಾವಿನ ಮನೆಯೆಂದರೆ ಆಲೂಗಡ್ಡೆ ಸಲಾಡು ಮೊದಲು, ಅಳು ಆಮೇಲೆ. ಬೆಣ್ಣೆಯ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಅಲ್ಲಾಡಿಸಿದಳು. ಒಣ ಬೀಜದಂಥ ಸದ್ದು.

"ಸತ್ತಮೇಲೂ ಇವನ ಕಸ ನಾನೇ ಎತ್ಬೇಕು," ಎಂದು ಡಬ್ಬಿಯನ್ನು ಕಿಟಕಿಯ ಕೆಳಗಿನ ಹೀಟರ್ ಮೇಲಿಟ್ಟು, ಆ ಜಾಗಕ್ಕೆ ಹಂದಿಮಾಂಸದ ತಟ್ಟೆ ತಳ್ಳಿದಳು.

ಆರ್ವಿಡ್‌ನ ಹೆಂಡತಿ ಸಿಗ್ನೆಗೆ ಇದು ತಿಳಿದದ್ದು ಚರ್ಚಿನಲ್ಲಿ, ಎರಡನೆಯ ಹಾಡಿನ ನಡುವೆ.

"ಬಿಸ್ಕತ್ ಡಬ್ಬೀಲಿ ಬೀಜ ಯಾಕೆ ಇಟ್ಟಿದ್ದೆ?" ಗುದ್ರುನ್ ಕಿವಿಗೆ ಬಗ್ಗಿ ಕೇಳಿದಳು. "ತೆಗೆದು ಹೀಟರ್ ಮೇಲಿಟ್ಟೆ."

ಸಿಗ್ನೆಯ ಕೈಯಿಂದ ಹಾಡಿನ ಪುಸ್ತಕ ಜಾರಿತು.

"ಬೀಜ ಅಲ್ಲ ಅತ್ತಿಗೆ, ಜೇನು! ಚಳಿಗಾಲಕ್ಕೆ ಪುಟ್ಟ ಗೂಡಲ್ಲಿ ಮಲಗಿರೋ ಜೇನು. ಶಾಖ ತಾಗಿದ್ರೆ ಎದ್ದುಬಿಡ್ತಾವೆ."

"ಏಳ್ಲಿ ಬಿಡು, ಏನೀಗ?"

"ಎದ್ದು ತಿನ್ನೋದೇನು? ಹೊರಗೆ ಒಂದು ಹೂವಿಲ್ಲ!"

ಹಿಂದೆ ಕೂತವರು ಶ್ ಎಂದರು.

*

ದೋಣಿಕಟ್ಟೆಯಲ್ಲಿ ನಲವತ್ತು ವರ್ಷ ಮರಗೆಲಸ ಮಾಡಿದ ಆರ್ವಿಡ್, ಕೆಲಸ ಬಿಟ್ಟ ವರ್ಷ ಮನೆಯ ಮುಂದಿನ ಮೆಟ್ಟಿಲಿಗೆ ಹೊಸ ರೇಲಿಂಗು ಮಾಡಿ, ಅದರ ಬದಿಯುದ್ದಕ್ಕೂ ಪೆನ್ಸಿಲ್ ಗಾತ್ರದ ತೂತು ಕೊರೆದ. ಗುಂಪು ಕಟ್ಟದ ಒಂಟಿ ಜೇನುಗಳಿಗೆ ಊರಲ್ಲಿ ಜಾಗವೇ ಉಳಿದಿಲ್ಲ ಅಂದ. ಅಂಗಡಿಯ ಗೂಡು ತಂದು ತೂಗುಹಾಕಿದರೆ ಜನ ಎರಡು ದಿನ ನೋಡಿ ಮರೆಯುತ್ತಾರೆ, ಮನೆಗೆ ಬೇಕಾದ ಸಾಮಾನೇ ಗೂಡಾಗಬೇಕು ಎಂಬುದು ಅವನ ವಾದ.

ಮೂರನೆಯ ವಸಂತಕ್ಕೆ ಒಂದು ಜೇನೂ ಹೊರಬರಲಿಲ್ಲ. ರೇಲಿಂಗನ್ನು ಉದ್ದಕ್ಕೆ ಕೊಯ್ದು ನೋಡಿದರೆ ಒಳಗೆಲ್ಲ ಧೂಳಿನಂಥ ನುಸಿ, ನಡುವೆ ಸತ್ತ ಜೇನು.

"ತೊಳೆಯೋಕೆ ಬಾರದ ಮನೆ ಕಟ್ಟಿಬಿಟ್ಟೆನಲ್ಲೇ," ಎಂದವನಿಗೆ ಮೂರು ದಿನ ಊಟ ಸೇರಲಿಲ್ಲ.

"ತೂತಿಗೆಲ್ಲ ಮೇಣ ತುಂಬಿ ಸುಮ್ನಿರೋ ಮಾರಾಯ," ಎಂದು ಪಕ್ಕದ ಮನೆಯ ಡೆಲ್ಬರ್ಟ್ ಬೇಲಿಯಾಚೆಯಿಂದ ಅಣಕಿಸಿದ. ಅಂದಿನಿಂದ ಇಬ್ಬರ ನಡುವೆ ಬರೀ ತಲೆಯಾಡಿಸುವಷ್ಟೇ ನೆಂಟಸ್ತನ.

ಎರಡನೆಯ ರೇಲಿಂಗು ಉದ್ದಕ್ಕೆ ಎರಡು ಸೀಳಾಗಿ ಬಿಡಿಸಬಹುದಾದದ್ದು. ಒಂದು ಬೆಣೆ ಎಳೆದರೆ ಸಾಕು. ಪ್ರತಿ ಅಕ್ಟೋಬರಿನಲ್ಲಿ ಬಿಚ್ಚಿ, ಜೇನು ಮಲಗಿದ ಬೀಜದಂಥ ಗೂಡುಗಳನ್ನು ತಣ್ಣೀರಲ್ಲಿ ತೊಳೆದು ಆರಿಸಿ ಫ್ರಿಜ್ಜಿನಲ್ಲಿಡುತ್ತಿದ್ದ. ಡೆಲ್ಬರ್ಟನ ಪ್ಲಮ್ ಮರ ಹೂ ಬಿಟ್ಟ ದಿನ ಅವು ಹೊರಗೆ. ಅಲ್ಲಿಂದ ಜೂನ್‌ವರೆಗೆ ಆ ರೇಲಿಂಗನ್ನು ಯಾರೂ ಹಿಡಿಯುವಂತಿಲ್ಲ. "ನನ್ನ ಮಂಡಿ ಮುರಿದ್ರೂ ಸರಿ, ಇವನ ಹುಳ ಚೆನ್ನಾಗಿರ್ಬೇಕು," ಎಂದು ಗುದ್ರುನ್ ಪ್ರತಿ ಭಾನುವಾರ ಗೊಣಗುತ್ತ ಇಳಿಯುತ್ತಿದ್ದಳು.

ಆಸ್ಪತ್ರೆಯಲ್ಲಿ ಅವನು ಕೊನೆಗೆ ಸಿಗ್ನೆಗೆ ಹೇಳಿದ್ದೂ ಆ ಜೇನಿನ ಮಾತೇ. "ಹೂ ನೋಡ್ಕೊಂಡು ಬಿಡೇ. ಅವಸರ ಮಾಡ್ಬೇಡ."

*

ಸ್ಮಶಾನದಲ್ಲಿ ಸಿಗ್ನೆ ನಿಂತಲ್ಲಿ ನಿಲ್ಲಲಿಲ್ಲ. ಜನ ಕೈಹಿಡಿದು ಸಮಾಧಾನ ಹೇಳುತ್ತಿದ್ದರೆ ಅವಳ ಕಣ್ಣು ಕಾರಿನ ಕಡೆಗೇ. ಗಂಡನಿಗಾಗಿ ನೆಟ್ಟಗೆ ಅಳಲೂ ಬಿಡದ ಆ ಡಬ್ಬಿಯ ಮೇಲೆ ಅವಳಿಗೆ ಸಿಟ್ಟು ಬಂತು.

ಮನೆಗೆ ಬಂದಾಗ ಅಡುಗೆಮನೆಯ ಕಿಟಕಿಯ ಗಾಜಿಗೆ, ಡಬ್ಬಿಯ ಮುಚ್ಚಳದ ಗಾಳಿತೂತಿನಿಂದ ಹೊರಬಿದ್ದ ಇಪ್ಪತ್ತು ಮೂವತ್ತು ಜೇನು ತಲೆ ಗುದ್ದುತ್ತಿದ್ದವು. ಕಡುನೀಲಿ ಮೈ, ಮುಖದ ತುಂಬ ಬಿಳಿ ಕೂದಲು. ಮೊದಲು ಏಳುವ ಗಂಡು ಜೇನುಗಳು. ಒಳಗೆ ಬಂದವರಲ್ಲೊಬ್ಬ ಪತ್ರಿಕೆ ಸುತ್ತಿ ಕೈ ಎತ್ತಿದ.

"ಹೊಡೆದ್ರೆ ನೋಡು!" ಗುದ್ರುನ್ ಕಿರುಚಿದಳು. "ಅವು ನನ್ನ ತಮ್ಮನವು."

ಸಿಗ್ನೆ ಕುರ್ಚಿಯ ಮೇಲೆ ಕುಸಿದಳು. "ಒಂದೇ ಒಂದು ಕೆಲಸ ಹೇಳಿದ್ರು. ಅದನ್ನೂ ಕೆಡಿಸ್ಕೊಂಡೆ."

ಬಾಗಿಲಲ್ಲಿ ನಿಂತಿದ್ದ ಡೆಲ್ಬರ್ಟ್ ಕೆಮ್ಮಿದ. "ಹೂ ಇದೆ ಕಣಮ್ಮ."

ಎಲ್ಲರೂ ತಿರುಗಿದರು.

"ನಮ್ಮನೇಲಿ. ಪ್ಲಮ್ ಕೊಂಬೆ ಕಡಿದು ಬೆಚ್ಚಗೆ ನೀರಲ್ಲಿಟ್ಟಿದ್ದೆ. ಅರಳಿದ ಮೇಲೆ ಆಸ್ಪತ್ರೆಗೆ ಹೋಗಿ ಅವನ ಮೂತಿಗೆ ಹಿಡಿಯೋಣ, ಮಾತಾಡಿಸೋಣ ಅಂತ. ಅವನು ಕಾಯ್ಲಿಲ್ಲ." ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಬಕೆಟ್ ಹಿಡ್ಕೊಂಡು ಚರ್ಚಿಗೆ ಬರೋಕೆ ನಾಚಿಕೆ ಆಯ್ತು."

"ಇನ್ನೂ ನಿಂತಿದೀಯಲ್ಲ, ಹೋಗಿ ತಾ," ಎಂದಳು ಗುದ್ರುನ್.

ಬಿಳಿ ಹೂ ತುಂಬಿದ ಬಕೆಟ್ಟು ಮೇಲಿನ ಮೆಟ್ಟಿಲಿಗೆ ಬಂತು. ಸಿಗ್ನೆ ಒಂದೊಂದೇ ಜೇನಿನ ಮೇಲೆ ಲೋಟ ಕವುಚಿ, ಕೆಳಗೆ ಆರ್ವಿಡ್‌ನ ಫೋಟೊ ಅಚ್ಚಾಗಿದ್ದ ಚರ್ಚಿನ ಕಾರ್ಡು ತೂರಿಸಿ, ಹೊರಗೆ ತಂದು ಬಿಟ್ಟಳು. ಇನ್ನೂ ಏಳದವುಗಳ ಡಬ್ಬಿಯನ್ನು ಮತ್ತೆ ಬೆಣ್ಣೆಯ ಹಿಂದೆ ಇಟ್ಟಳು. ಆಮೇಲೆ ಫ್ರಿಜ್ಜಿನ ಬಾಗಿಲಿಗೆ ಹಣೆಯಿಟ್ಟು ಜೋರಾಗಿ ಅತ್ತಳು.

ನಾಲ್ಕು ಗಂಟೆಗೆ ಜನ ಹೊರಡತೊಡಗಿದರು. ಮುಂದೆ ಗುದ್ರುನ್. ನೋಯುವ ಮಂಡಿ ಕೆಳಗಿಡುವಾಗ ಅವಳ ಕೈ ತಾನಾಗಿ ರೇಲಿಂಗಿನತ್ತ ಹೋಯಿತು. ತೂತುಗಳಿಂದ ನಾಲ್ಕೈದು ಬಿಳಿಗಡ್ಡದ ಪುಟ್ಟ ಮುಖಗಳು ಇಣುಕುತ್ತಿದ್ದವು. ಅವಳು ಕೈ ಹಿಂದೆಗೆದುಕೊಂಡು ಇನ್ನೊಂದು ಬದಿಗೆ ಚಾಚಿದಳು. ಡೆಲ್ಬರ್ಟ್ ಮೊಣಕೈ ಕೊಟ್ಟ. ಅವರ ಹಿಂದೆ, ಖಾಲಿ ಪಾತ್ರೆಗಳನ್ನು ಕಂಕುಳಲ್ಲಿ ಅವುಚಿಕೊಂಡ ಮುದುಕ ಮುದುಕಿಯರೆಲ್ಲ ಒಬ್ಬರ ಭುಜ ಒಬ್ಬರು ಹಿಡಿದು, ರೇಲಿಂಗಿಗೆ ಕೈ ತಾಗಿಸದೆ, ಒಂದೊಂದೇ ಮೆಟ್ಟಿಲು ಇಳಿದರು.