ಹದಿನೇಳನೇ ನಂಬರಿನ ಸುಲೋಚನಾಬಾಯಿ

ಸುಲೋಚನಾಬಾಯಿ ತೀರಿಕೊಂಡು ವರ್ಷ ತುಂಬಲು ಆರು ದಿನ ಉಳಿದಿದ್ದವು. ಅವಳ ಹಾಡಿನ ಪುಸ್ತಕ ಮಾತ್ರ ಇನ್ನೂ ಮನೆಗೆ ಬಂದಿರಲಿಲ್ಲ.

ರಮಾಕಾಂತರಾಯರು ಧಾರವಾಡದ ಕಡೆಯವರು. ಬ್ಯಾಂಕಿನ ವರ್ಗಾವಣೆ ಅವರನ್ನು ವಿಶಾಖಪಟ್ಟಣಕ್ಕೆ ತಂದಿತ್ತು. ನಿವೃತ್ತರಾದ ಮೇಲೂ ಅಲ್ಲಿನ ಗಾಜುವಾಕದ ಬಾಡಿಗೆ ಮನೆಯಲ್ಲೇ ಉಳಿದರು. ಮೂವತ್ತೆಂಟು ವರ್ಷ ಅವರ ಮನೆಯ ದೇವರು ಎದ್ದದ್ದು ಹೆಂಡತಿ ಸುಲೋಚನಾಬಾಯಿಯ ಹಾಡಿಗೆ. ಅವಳು ಹಾಡುವಳು, ಕೊನೆಯ ನುಡಿಗೆ ಗಂಟೆ ಬಾರಿಸುವಳು, ರಾಯರು ಎದ್ದು ಕೈಮುಗಿಯುವರು. ಅವಳು ಹೋದ ಮೇಲೆ ರಾಯರು ಅವಳ ಪುಸ್ತಕ ಹಿಡಿದು ತಾವೇ ಹಾಡತೊಡಗಿದರು. ಒಂದು ಹಾಡೂ ಬಾಯಿಗೆ ಬರುತ್ತಿರಲಿಲ್ಲ. ಇಷ್ಟು ವರ್ಷ ಕೇಳುವುದಷ್ಟೇ ಅವರ ಪಾಲಿಗಿತ್ತು.

ಮೂರು ತಿಂಗಳ ಹಿಂದೆ ಪ್ರೊಫೆಸರ್ ದಕ್ಷಿಣಾಮೂರ್ತಿ ಮನೆಗೆ ಬಂದಿದ್ದರು. ಸಮಾಜಶಾಸ್ತ್ರದವರು, ತಾಯಿ ಬಳ್ಳಾರಿಯವರಾದ್ದರಿಂದ ಕನ್ನಡ ಬಲ್ಲವರು. ಎರಡು ಲೋಟ ಕಾಫಿ ಕುಡಿದು, ಪ್ರಬಂಧಕ್ಕೆ ಬೇಕು, ಹದಿನೈದು ದಿನದಲ್ಲಿ ಕೊಡುತ್ತೇನೆಂದು ಹೇಳಿ ಪುಸ್ತಕ ಒಯ್ದರು. ರಾಯರು ಬರೆದ ಮೂರು ಕಾಗದಕ್ಕೆ ಉತ್ತರವಾಗಿ ಒಂದು ಆಮಂತ್ರಣ ಪತ್ರಿಕೆ ಬಂತು: ವಿಜಯವಾಡದಲ್ಲಿ ಸಮಾಜಶಾಸ್ತ್ರಜ್ಞರ ಪ್ರಾದೇಶಿಕ ಸಮ್ಮೇಳನ, ಡಿಸೆಂಬರ್ ೧೯೮೮.

ರಾಯರು ಬೆಳಗಿನ ರೈಲು ಹತ್ತಿ, ಮಧ್ಯಾಹ್ನ ಸಮ್ಮೇಳನದ ಕಾಲೇಜು ಮುಟ್ಟಿದರು. ಹತ್ತು ಗಂಟೆಯ ಉದ್ಘಾಟನೆ ಆಗಷ್ಟೇ ಆರಂಭವಾಗುತ್ತಿತ್ತು. ಮುಖ್ಯ ಅತಿಥಿಗಳು ತಡವಾಗಿ ಬಂದಿದ್ದರು. ಅರ್ಧ ಪ್ರತಿನಿಧಿಗಳು ಕಾಯಲಾರದೆ ಕಾಲೇಜಿನ ಬಸ್ಸಿನಲ್ಲಿ ಕೊಂಡಪಲ್ಲಿಗೆ ಬೊಂಬೆ ಕೊಳ್ಳಲು ಹೋಗಿದ್ದರು. ಉಳಿದವರು ಎದ್ದು ನಿಂತು, ಕೈಮುಗಿದು, ವಿದ್ಯಾರ್ಥಿನಿಯರ ಪ್ರಾರ್ಥನೆ ಕೇಳುತ್ತಿದ್ದರು. ಸಮ್ಮೇಳನದ ವಿಷಯ ‘ಆಚರಣೆಗಳ ಅವನತಿ’.

ಬಾಗಿಲಲ್ಲಿ ಹೈಮಾವತಿ ಎಂಬ ಉಪನ್ಯಾಸಕಿ ಎದೆಗೆ ಚುಚ್ಚುವ ಹೆಸರಿನ ಬಿಲ್ಲೆ ಹಂಚುತ್ತಿದ್ದಳು.

“ಯಾವ ಸಂಸ್ಥೆಯಿಂದ ಬಂದಿರಿ ಅಂಡಿ?” ಎಂದು ಮರ್ಯಾದೆಯ ತೆಲುಗಿನಲ್ಲಿ ಕೇಳಿದಳು.

“ಸಂಸ್ಥೆ ಇಲ್ಲಮ್ಮ. ನನ್ನ ಹೆಂಡತಿ ಇಲ್ಲಿದ್ದಾಳೆ, ಅದಕ್ಕೆ ಬಂದೆ,” ಎಂದರು ರಾಯರು, ಅದೇ ತೆಲುಗಿನಲ್ಲಿ.

“ಮೇಡಂ ಅವರದು ಯಾವ ಪ್ರಬಂಧ?”

“ದಕ್ಷಿಣಾಮೂರ್ತಿಯವರ ಪ್ರಬಂಧದಲ್ಲಿ ಬರುತ್ತಾಳಂತೆ.”

ಹೈಮಾವತಿ ತಲೆಯಾಡಿಸಿ ‘ಪ್ರತಿನಿಧಿಯ ಪತಿ’ ಎಂದು ಬರೆದು, ಬಿಲ್ಲೆಯನ್ನು ಅವರ ಶಲ್ಯಕ್ಕೆ ಚುಚ್ಚಿದಳು. ರಾಯರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಚಹಾದ ಹೊತ್ತಿಗೆ ಪ್ರೊಫೆಸರು ಸಿಕ್ಕರು.

“ಸರ್, ಪುಸ್ತಕ ಕೊಡ್ರಿ. ಗುರುವಾರ ಅಕೀ ವರ್ಷದ ಶ್ರಾದ್ಧ ಅದ.”

“ಅಯ್ಯೋ ರಾಯರಗಾರು, ಅದೀಗ ಪುಸ್ತಕ ಅಲ್ಲ ಅಂಡಿ, ದತ್ತಾಂಶ! ಐದು ವರ್ಷ ವಿಭಾಗದಲ್ಲೇ ಇಡಬೇಕು, ರೂಲ್ಸು. ಜೆರಾಕ್ಸ್ ಕಳಿಸ್ತೀನಿ.”

“ಜೆರಾಕ್ಸಿನ ಮುಂದ ದೀಪಾ ಹಚ್ಚಬೇಕೇನ್ರಿ?”

“ನೋಡಿದಿರಾ! ವಸ್ತುವಿಗೆ ಅಂಟಿದ ಪಾವಿತ್ರ್ಯ,” ಎಂದು ಪ್ರೊಫೆಸರು ಅದನ್ನೂ ಚೀಟಿಯಲ್ಲಿ ಬರೆದುಕೊಂಡು ಬೋಂಡಾ ಇದ್ದ ಕಡೆ ನಡೆದರು.

ಮೂರನೆಯ ಪ್ರಬಂಧ ಅವರದು. ಅಧ್ಯಕ್ಷರ ಮೇಜಿನ ಮೇಲೆ, ಹೊತ್ತು ಮೀರಿದವರನ್ನು ನಿಲ್ಲಿಸಲು, ಒಂದು ಹಿತ್ತಾಳೆಯ ಗಂಟೆ ಇತ್ತು. ಕಾಲೇಜಿನ ಕರೆಗಂಟೆ ಕೆಟ್ಟಿದ್ದರಿಂದ ಪ್ರಾಂಶುಪಾಲರ ಕೋಣೆಯ ದೇವರ ಪಟದ ಮುಂದಿನದನ್ನೇ ತಂದಿಟ್ಟಿದ್ದರು. ದಕ್ಷಿಣಾಮೂರ್ತಿಗಳು ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಓದಿದರು. ಬ್ಯಾಂಕಿನವರಾದ ರಾಯರಿಗೆ ಇಂಗ್ಲಿಷ್ ತಿಳಿಯುತ್ತಿತ್ತು. ಅದರೊಳಗೆ ತಮ್ಮ ಮನೆ ಎಲ್ಲಿದೆ ಎಂದು ಮಾತ್ರ ತಿಳಿಯಲಿಲ್ಲ. ಕೊನೆಗೆ ಪ್ರೊಫೆಸರು ಪುಸ್ತಕವನ್ನು ಎತ್ತಿ ಹಿಡಿದರು.

“ಹದಿನೇಳನೇ ಮಾಹಿತಿದಾರಳೊಂದಿಗೆ ಈ ಸಂಪ್ರದಾಯ ಮುಗಿಯಿತು. ಇದನ್ನು ಹಾಡುವವರು ಇಂದು ಯಾರೂ ಇಲ್ಲ.”

ರಾಯರು ಎದ್ದು ನಿಂತರು. ಅಧ್ಯಕ್ಷರು ಬಿಲ್ಲೆ ನೋಡಿ, “ಎರಡೇ ನಿಮಿಷ. ಪ್ರಶ್ನೆ ಏನು?” ಎಂದರು.

“ಪ್ರಶ್ನೆ ಆ ಪುಸ್ತಕದಲ್ಲಿದೆ ಸ್ವಾಮಿ. ಕೈಗೆ ಕೊಟ್ಟರೆ ಓದಿ ಹೇಳುತ್ತೇನೆ.”

ಸಭೆಯ ಎದುರಿಗೆ ಪ್ರೊಫೆಸರಿಗೆ ಇಲ್ಲವೆನ್ನಲು ಆಗಲಿಲ್ಲ. ಪುಸ್ತಕ ಕೈಯಿಂದ ಕೈಗೆ ಸಾಗಿ ಬಂತು. ರಾಯರು ಅದನ್ನು ಕಣ್ಣಿಗೊತ್ತಿಕೊಂಡು, ಅರಿಶಿನದ ಕಲೆ ಇದ್ದ ಹಾಳೆ ತೆರೆದು, ದೇವರನ್ನು ಎಬ್ಬಿಸುವ ಹಾಡು ಹಾಡತೊಡಗಿದರು. ಧ್ವನಿ ಒರಟು, ತಾಳ ಆಚೀಚೆ. ಎರಡನೆಯ ನುಡಿಯಲ್ಲಿ ಸಾಲು ತಪ್ಪಿತು. ಬೆರಳಿಟ್ಟು ಹುಡುಕಿ ಮುಂದುವರಿದರು. ಕೊನೆಯ ನುಡಿ ಮುಗಿಯುವುದಕ್ಕೂ ಎರಡು ನಿಮಿಷ ತುಂಬುವುದಕ್ಕೂ ಸರಿಹೋಯಿತು. ಅಧ್ಯಕ್ಷರು ಗಂಟೆ ಬಾರಿಸಿದರು.

ಗಂಟೆ ಕೇಳಿದ್ದೇ ರಾಯರು ಪುಸ್ತಕವನ್ನು ಕಂಕುಳಲ್ಲಿಟ್ಟು ಕಣ್ಣುಮುಚ್ಚಿ ಕೈಮುಗಿದರು. ಒಂದು ಗಳಿಗೆ ಗಾಜುವಾಕದ ಮನೆ, ಎಣ್ಣೆಯ ದೀಪ, ಅವಳ ಹಸಿರು ಬಳೆ.

ಕಣ್ಣು ತೆರೆದಾಗ ಸಭೆಗೆ ಸಭೆಯೇ ಎದ್ದು ಕೈಮುಗಿದು ನಿಂತಿತ್ತು. ಯಾರು ಮೊದಲು ಎದ್ದರೋ, ಅವರನ್ನು ನೋಡಿ ಉಳಿದವರೆಲ್ಲ ಎದ್ದಿದ್ದರು. ಅಧ್ಯಕ್ಷರು ಗಂಟೆ ಹಿಡಿದೇ ಎದ್ದಿದ್ದರು. ದಕ್ಷಿಣಾಮೂರ್ತಿಗಳ ಎರಡೂ ಕೈ ಜೋಡಿಕೊಂಡಿದ್ದವು. ಪುಸ್ತಕ ಕೇಳಿ ಪಡೆಯಲು ಖಾಲಿ ಕೈ ಇರಲಿಲ್ಲ.

ರಾಯರು ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು, ಎಲ್ಲರಿಗೂ ನಮಸ್ಕರಿಸಿ, ಬಾಗಿಲ ಕಡೆ ನಡೆದರು. ಹಿಂದೆ ಪ್ರೊಫೆಸರ ಧ್ವನಿ ಕೇಳುತ್ತಿತ್ತು: “ಸಂಪ್ರದಾಯದ ಪುನರುತ್ಥಾನ! ಮುಂದಿನ ವರ್ಷ ಇದೇ ನನ್ನ ಪ್ರಬಂಧ!”

ರೈಲಿನಲ್ಲಿ ಪುಸ್ತಕ ತೆರೆದು ನೋಡಿದರು. ಮೊದಲ ಹಾಳೆಯಲ್ಲಿ ಸುಲೋಚನಾಬಾಯಿಯ ದುಂಡಗಿನ ಅಕ್ಷರದ ಹೆಸರು, ಅದರ ಮೇಲೆ ಕೆಂಪು ಶಾಯಿಯಲ್ಲಿ ೧೭. ಉಗುರಿನಿಂದ ಕೆರೆದರು. ಹೋಗಲಿಲ್ಲ. ಇನ್ನೂ ಕೆರೆದರೆ ಹೆಸರೇ ಹರಿದೀತೆಂದು ಬಿಟ್ಟರು.

ಸಾವಿರ ಹೆಸರಿನವನನ್ನು ದಿನಾ ಎಬ್ಬಿಸಿದವಳು ಅವಳು. ಒಂದು ನಂಬರು ಅಂಟಿದ ಮಾತ್ರಕ್ಕೆ ಅವನಿಗೆ ಗುರುತು ತಪ್ಪುವುದುಂಟೇ? ರಾಯರು ಪುಸ್ತಕ ಮುಚ್ಚಿ, ಗುರುವಾರ ಯಾವ ಹಾಡು ಮೊದಲು ಹಾಡಬೇಕೆಂದು ಯೋಚಿಸುತ್ತ ಕುಳಿತರು. ಶಲ್ಯದ ಮೇಲೆ ‘ಪ್ರತಿನಿಧಿಯ ಪತಿ’ ಇನ್ನೂ ಹಾಗೆಯೇ ಇತ್ತು.