ಗೋಡೆ ದಾಟುವ ಬಸವನಹುಳುಗಳು

ಅಕ್ಕ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ, ತಂಗಿ ಪಕ್ಕದ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಇಬ್ಬರ ಹಿತ್ತಲಿನ ನಡುವೆ ನಾಲ್ಕು ವರ್ಷದ ಹಿಂದೆ ಗೋಡೆ ಇರಲಿಲ್ಲ. ಅಮ್ಮ ತೀರಿಕೊಂಡ ವಾರ, ದುಃಖದಲ್ಲಿ ನಾಲಿಗೆ ಹಿಡಿತ ತಪ್ಪಿ, ನೀನು ಸರಿಯಾಗಿ ನೋಡಿಕೊಂಡಿದ್ದರೆ ಅಮ್ಮ ಇನ್ನೂ ಇರುತ್ತಿದ್ದಳು ಎಂದು ಅಕ್ಕ ಅಂದುಬಿಟ್ಟಳು. ಮರುವಾರ ತಂಗಿ ಗಾರೆ ಕೆಲಸದವರನ್ನು ಕರೆಸಿದಳು. ತಪ್ಪಾಯಿತು ಎನ್ನಲು ಅಕ್ಕನಿಗೆ ಬಾಯಿ ಬರುವಷ್ಟರಲ್ಲಿ ಗೋಡೆ ಆಳೆತ್ತರ ಎದ್ದಿತ್ತು.

ಆಮೇಲೆ ಎರಡು ಮನೆಗಳ ನಡುವೆ ಉಳಿದದ್ದು ಬಸವನಹುಳುಗಳ ವ್ಯವಹಾರ ಮಾತ್ರ. ಸಂಜೆ ಕಾಲೇಜಿನಿಂದ ಬಂದ ಕೂಡಲೇ ಅಕ್ಕ ತನ್ನ ಸೊಪ್ಪಿನ ಮಡಿಯಲ್ಲಿ ಆರಾಮಾಗಿ ಮೇಯುತ್ತಿದ್ದ ಹುಳುಗಳನ್ನು ಆರಿಸಿ ಗೋಡೆಯಾಚೆ ಎಸೆಯುತ್ತಿದ್ದಳು. ಒಂದೆರಡು ದಿನದಲ್ಲಿ ಅಷ್ಟೂ ಹುಳುಗಳು ಮತ್ತೆ ಈಚೆಗೆ ಹಾಜರ್. ಹಟಮಾರಿ, ಇವಳೂ ವಾಪಸ್ ಎಸೆಯುತ್ತಾಳೆ ನೋಡು, ಎಂದು ಮೊದಮೊದಲು ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಬರಬರುತ್ತ ಆ ಉರಿ ಆರಿತು. ತಂಗಿ ಮಾತು ಬಿಟ್ಟಿರಬಹುದು, ಉತ್ತರ ಕೊಡುವುದನ್ನಂತೂ ಬಿಟ್ಟಿಲ್ಲವಲ್ಲ ಎಂದು ಒಳಗೊಳಗೇ ಹಿತವೆನಿಸತೊಡಗಿತು. ಸೊಪ್ಪೆಲ್ಲ ತೂತು ಬಿದ್ದರೂ ಹುಳು ಸಾಯುವ ಪುಡಿ ಹಾಕಲು ಅವಳಿಗೆ ಮನಸ್ಸಾಗಲಿಲ್ಲ.

ಈ ವರ್ಷ ಪಾಠದಲ್ಲಿ ಜೀವಿಗಳ ಸಂಖ್ಯೆ ಅಂದಾಜು ಮಾಡುವ ಪ್ರಯೋಗ ಬಂತು. ಎಲ್ಲವನ್ನೂ ಎಣಿಸಬೇಕಾಗಿಲ್ಲ ಎಂದು ಅಕ್ಕ ತರಗತಿಯಲ್ಲಿ ವಿವರಿಸಿದಳು. ಒಂದಷ್ಟು ಹಿಡಿದು ಗುರುತು ಹಾಕಿ ಬಿಡಬೇಕು, ವಾರ ಬಿಟ್ಟು ಮತ್ತೆ ಹಿಡಿಯಬೇಕು, ಸಿಕ್ಕವುಗಳಲ್ಲಿ ಗುರುತಿನವು ಎಷ್ಟು ಪಾಲು ಎಂದು ನೋಡಿದರೆ ಒಟ್ಟು ಲೆಕ್ಕ ತಿಳಿಯುತ್ತದೆ. ಷರತ್ತು ಇಷ್ಟೇ, ನಡುವೆ ಯಾವುದೂ ಹೊರಗೆ ಹೋಗಬಾರದು, ಹೊರಗಿನದು ಒಳಗೆ ಬರಬಾರದು. ಇಷ್ಟು ಹೇಳಿ ವಿದ್ಯಾರ್ಥಿಗಳನ್ನು ತನ್ನ ಹಿತ್ತಲಿಗೇ ಕರೆತಂದಳು. ಅವರು ಸಿಕ್ಕ ಹುಳುಗಳ ಚಿಪ್ಪಿಗೆಲ್ಲ ಕೆಂಪು ನೇಲ್ ಪಾಲಿಶ್‌ನ ಚುಕ್ಕೆ ಇಟ್ಟು ಬಿಟ್ಟು ಹೋದರು.

ಅವರು ಅತ್ತ ಹೋದದ್ದೇ ತಡ, ಅಕ್ಕನ ಕೈ ಅಭ್ಯಾಸಬಲದಿಂದ ಹುಳುಗಳನ್ನು ಆರಿಸಿ ಆಚೆ ಎಸೆದಿತ್ತು. ಅಯ್ಯೋ ಎಂದುಕೊಳ್ಳುವ ಹೊತ್ತಿಗೆ ಚುಕ್ಕೆಯವೆಲ್ಲ ತಂಗಿಯ ಪಾಲಾಗಿದ್ದವು. ಷರತ್ತು ಹೇಳಿಕೊಟ್ಟ ಮೇಡಮ್ಮೇ ಪ್ರಯೋಗಕ್ಕೆ ಕಲ್ಲು ಹಾಕಿದ್ದಳು.

ವಾರದ ನಂತರ ನೋಡಿದರೆ ಹೆಚ್ಚುಕಡಿಮೆ ಎಲ್ಲ ಚುಕ್ಕೆಗಳೂ ಮತ್ತೆ ಅಕ್ಕನ ಹಿತ್ತಲಿನಲ್ಲಿದ್ದವು. ಲೆಕ್ಕ ಸಲೀಸಾಗಿ ಬಂತೆಂದು ವಿದ್ಯಾರ್ಥಿಗಳು ಬೀಗಿದರು. ಅಕ್ಕನಿಗೆ ಮಾತ್ರ ಎದೆ ತುಂಬಿ ಬಂತು. ತಂಗಿ ಚಿಕ್ಕವಳಿದ್ದಾಗ ಅವಳ ಉಗುರಿಗೆ ಇದೇ ಕೆಂಪು ಹಚ್ಚಿ, ಒಣಗಲಿ ಎಂದು ಊದುತ್ತಿದ್ದವಳು ತಾನು. ಅವಳು ಒಂದೊಂದು ಹುಳುವನ್ನೂ ಅಂಗೈ ಮೇಲಿಟ್ಟು ನೋಡಿರಬೇಕು, ನೆನಪಾಗಿರಬೇಕು. ಇಲ್ಲದಿದ್ದರೆ ಇಷ್ಟನ್ನೂ ಯಾಕೆ ಕಳಿಸುತ್ತಾಳೆ?

ಹೊರಡುವಾಗ ವಿದ್ಯಾರ್ಥಿನಿಯೊಬ್ಬಳು ಸುಮ್ಮನೆ ಕೇಳಿದಳು. "ಮೇಡಂ, ಇವನ್ನ ದೂರ ಬಿಟ್ರೂ ತಾವಾಗೇ ಮನೆಗೆ ವಾಪಸ್ ಬರ್ತಾವಂತೆ, ಹೌದಾ?"

ಅಕ್ಕ ಏನೋ ಹೇಳಿ ನಕ್ಕು ಕಳಿಸಿದಳು. ಹೌದು ಎಂಬುದು ಅವಳಿಗೆ ಗೊತ್ತಿತ್ತು, ಅದನ್ನು ಪಾಠವಾಗಿಯೂ ಹೇಳಿದ್ದಳು. ತನ್ನ ಹಿತ್ತಲಿನ ಮಟ್ಟಿಗೆ ಮಾತ್ರ ಅದು ನಿಜವಾಗುವುದು ಅವಳಿಗೆ ಬೇಕಿರಲಿಲ್ಲ.

ಮನಸ್ಸು ಕೇಳಬೇಕಲ್ಲ. ಅಂದು ಸಂಜೆ ಚುಕ್ಕೆಯ ಹುಳುಗಳನ್ನೇ ಆರಿಸಿ ಎಸೆದು, ಮರುದಿನ ನಸುಕಿಗೇ ಎದ್ದು ಬಕೆಟ್ ಬೋರಲು ಹಾಕಿ ಕೂತಳು. ಸ್ವಲ್ಪ ಹೊತ್ತಿಗೆ ಗೋಡೆಯ ತುದಿಯಲ್ಲಿ ಎರಡು ಕೊಂಬು ಕಂಡವು, ಹಿಂದೆಯೇ ಕೆಂಪು ಚುಕ್ಕೆ. ಆಮೇಲೆ ಇನ್ನೊಂದು. ಯಾವ ಅವಸರವೂ ಇಲ್ಲದೆ ಅವು ಇಳಿದು ಸೊಪ್ಪಿನ ಕಡೆ ಹೊರಟವು. ಆಚೆ ಯಾರ ಸುಳಿವೂ ಇರಲಿಲ್ಲ, ಹೊಲಿಗೆ ಯಂತ್ರವೂ ಇನ್ನೂ ಶುರುವಾಗಿರಲಿಲ್ಲ. ನಾಲ್ಕು ವರ್ಷದಿಂದ ತಂಗಿ ಒಂದು ಹುಳುವನ್ನೂ ಮುಟ್ಟಿರಲಿಲ್ಲ. ಹುಳುಗಳು ತಮ್ಮ ಪಾಡಿಗೆ ಮನೆಗೆ ಬಂದದ್ದನ್ನು ತಾನು ಉತ್ತರ ಎಂದುಕೊಂಡಿದ್ದೆನಲ್ಲ ಎಂದು ಅಕ್ಕ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಅಂದಿನಿಂದ ಎಸೆಯುವುದನ್ನು ನಿಲ್ಲಿಸಿದಳು. ಕಾಲೇಜಿನಿಂದ ಬಂದು ಕೈಕಾಲು ತೊಳೆದು ಹಿತ್ತಲ ಮೆಟ್ಟಿಲ ಮೇಲೆ ಸುಮ್ಮನೆ ಕೂರುವಳು. ಹುಳುಗಳು ಸೊಪ್ಪಿನ ದಂಟನ್ನೂ ಬಿಡದೆ ನುಂಗಿ ನೀರು ಕುಡಿದವು. ತಿಂದುಕೊಳ್ಳಲಿ ಬಿಡು ಎಂದುಕೊಂಡಳು.

ಒಂದು ಸಂಜೆ ಹಾಗೆಯೇ ಕೂತಿದ್ದಾಗ ಆಚೆ ಹೊಲಿಗೆ ಯಂತ್ರದ ಸದ್ದು ನಡುವೆಯೇ ನಿಂತಿತು. ಚಪ್ಪಲಿ ಎಳೆಯುತ್ತ ಯಾರೋ ಗೋಡೆಯವರೆಗೆ ಬಂದರು.

"ಅಕ್ಕಾ, ಹುಷಾರಿಲ್ವಾ?"

ಅಕ್ಕ ಎದ್ದು ನಿಂತಳು. ಗೋಡೆಯ ಹತ್ತಿರ ಹೋದಳು.

"ಸಂಜೆ ಹುಳು ಬಿದ್ರೆ, ಸದ್ಯ, ನೀನು ಮನೆಗೆ ಬಂದೆ ಅಂತ ಗೊತ್ತಾಗ್ತಿತ್ತು. ಈಗ ಎಷ್ಟು ದಿನದಿಂದ ಏನೂ ಬೀಳ್ತಿಲ್ಲ. ಒಬ್ಳೇ ಇರ್ತೀಯ, ಏನಾಯ್ತೋ ಏನೋ ಅಂತ ಭಯ ಆಯ್ತು."

"ಚೆನ್ನಾಗಿದ್ದೀನಿ ಕಣೇ," ಎಂದಳು ಅಕ್ಕ. "ಅವತ್ತು ನಾನು ಅಮ್ಮನ ವಿಷಯದಲ್ಲಿ ಆಡಿದ ಮಾತು..."

ತಂಗಿ ಅಷ್ಟಕ್ಕೇ ತಡೆದಳು, "ಅದನ್ನ ಅಲ್ಲಿಂದ ಹೇಳ್ಬೇಡ. ಮುಂಬಾಗಿಲು ತೆಗೀತೀನಿ, ಬಂದು ಹೇಳು."